ಹಸಿವಿಗೆ ಲೆಕ್ಕ ಬರೆದ ಸ್ವಿಫ್ಟ್

1729ರಲ್ಲಿ ಡಬ್ಲಿನ್ ನಗರದಲ್ಲಿ ಲೇಖಕನ ಹೆಸರಿಲ್ಲದ ಕಿರುಹೊತ್ತಗೆಯೊಂದು ಅಚ್ಚಾಯಿತು. ಬಡವರ ಕೂಸುಗಳನ್ನು ಒಂದು ವರ್ಷ ಸಾಕಿ, ಸಿರಿವಂತರ ಊಟಕ್ಕೆ ಮಾರಿದರೆ ಐರ್ಲೆಂಡಿನ ಬಡತನ ನೀಗುತ್ತದೆ ಎಂಬುದು ಅದರ ಸಲಹೆ!

ಬರೆದವರು ಜೊನಾಥನ್ ಸ್ವಿಫ್ಟ್, ಗಲಿವರನ ಕಥೆಯ ಕರ್ತೃ. ಆಗ ಐರ್ಲೆಂಡಿನಲ್ಲಿ ಬೆಳೆ ಕೈಕೊಟ್ಟಿತ್ತು. ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದರೆ, ಅನೇಕ ಜಮೀನ್ದಾರರು ಇಂಗ್ಲೆಂಡಿನಲ್ಲಿ ಕೂತು ಗೇಣಿ ಎಣಿಸುತ್ತಿದ್ದರು.

ಸಾಕುವ ಖರ್ಚು, ಮಾರುವ ಬೆಲೆ, ಉಳಿಯುವ ಲಾಭ ಎಲ್ಲವನ್ನೂ ಸ್ವಿಫ್ಟ್ ತಣ್ಣನೆಯ ದನಿಯಲ್ಲಿ ಲೆಕ್ಕ ಹಾಕಿದರು. ಬಡವರನ್ನು ಬರೀ ಅಂಕಿಯಾಗಿ ಕಾಣುವವರ ಕ್ರೌರ್ಯ ಆ ದನಿಯಲ್ಲೇ ಬಯಲಾಯಿತು. ದೂರದ ಜಮೀನ್ದಾರರಿಗೆ ತೆರಿಗೆ, ಸ್ವದೇಶಿ ಸರಕಿನ ಬಳಕೆ, ಗೇಣಿದಾರರ ಮೇಲೆ ಕರುಣೆ: ಈ ನಿಜವಾದ ಪರಿಹಾರಗಳನ್ನು ಅವರು ತಳ್ಳಿಹಾಕುವ ನೆಪದಲ್ಲೇ ಪಟ್ಟಿ ಮಾಡಿದ್ದರು.

ಸ್ವಿಫ್ಟ್ ಅವರ ಕಾಳಜಿ ಬರಹಕ್ಕಷ್ಟೇ ನಿಲ್ಲಲಿಲ್ಲ: ಅವರು ಬಿಟ್ಟುಹೋದ ಹಣದಿಂದ ಡಬ್ಲಿನ್‌ನಲ್ಲಿ ಎದ್ದ ಮಾನಸಿಕ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ.