ಸುರಕ್ಷತೆಯ ಅಭ್ಯಾಸ: ವಿದ್ಯಾರ್ಥಿ ರೋಬೋ ತಂಡಗಳಿಂದ ಸಣ್ಣ ಉದ್ದಿಮೆಗಳಿಗೆ ಪಾಠ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ವ್ಯಾಪಾರ ವಹಿವಾಟಿಗೆಲ್ಲ ತೆಂಗೇ ಆಧಾರ. ಉಂಡೆ ಕೊಬ್ಬರಿಗೆ ಹೆಸರಾದ ಈ ಸೀಮೆಯಲ್ಲಿ ಕಾಯಿಪುಡಿ ತಯಾರಿಕೆ, ನಾರು ಬಿಡಿಸುವುದು, ಹಗ್ಗ ಹೊಸೆಯುವುದು, ಚಿಪ್ಪಿನ ಇದ್ದಿಲು, ಎಣ್ಣೆ ತೆಗೆಯುವುದು ಮುಂತಾದ ಉದ್ದಿಮೆಗಳು ಅನೇಕ ಕುಟುಂಬಗಳಿಗೆ ಅನ್ನ ನೀಡಿವೆ. ಇವುಗಳ ಯಂತ್ರಗಳನ್ನು ದುರಸ್ತಿ ಮಾಡುವ ಲೇತ್ ಮತ್ತು ವೆಲ್ಡಿಂಗ್ ಅಂಗಡಿಗಳೂ ಜೊತೆಯಲ್ಲೇ ಬೆಳೆದಿವೆ. ಈ ಘಟಕಗಳ ನಾಳಿನ ಕುಶಲಕರ್ಮಿಗಳು, ಮೇಲ್ವಿಚಾರಕರು ಮತ್ತು ಮಾಲೀಕರು ಇಂದು ಶಾಲೆ, ಐಟಿಐ, ಪಾಲಿಟೆಕ್ನಿಕ್ ಹಾಗೂ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಯುತ್ತಿದ್ದಾರೆ. ಅವರು ಅಂಕಪಟ್ಟಿಯೊಡನೆ ಯಾವ ಅಭ್ಯಾಸಗಳನ್ನು ತರುತ್ತಾರೆ ಎಂಬುದು ಉದ್ಯಮಿಗಳು ಈಗಲೇ ಯೋಚಿಸಬೇಕಾದ ವಿಷಯ.

ವಿದ್ಯಾರ್ಥಿಗಳು ಯಂತ್ರಗಳನ್ನು ಮುಟ್ಟುವ ವಯಸ್ಸು ಈಗ ಬಹಳ ಕೆಳಗಿಳಿದಿದೆ. ನೀತಿ ಆಯೋಗದ ಅಟಲ್ ಇನ್ನೋವೇಶನ್ ಮಿಷನ್ 2016ರಲ್ಲಿ ಆರಂಭವಾಗಿ, 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳನ್ನು ರೂಪಿಸಿತು. ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನಿಗದಿಯಾಯಿತು. ದೇಶದಲ್ಲಿ ಇಂತಹ ಸುಮಾರು 10,000 ಪ್ರಯೋಗಾಲಯಗಳು ಸ್ಥಾಪನೆಯಾಗಿವೆ. ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇನ್ನೂ 50,000 ಸ್ಥಾಪಿಸುವುದಾಗಿ 2025ರ ಕೇಂದ್ರ ಆಯವ್ಯಯದಲ್ಲಿ ಘೋಷಿಸಲಾಗಿದೆ. ಬೆಸುಗೆ ಕಡ್ಡಿ, ಡ್ರಿಲ್, ಮೋಟಾರು, ಬ್ಯಾಟರಿಗಳನ್ನು ಹಿಡಿದು ರೋಬೋ ಕಟ್ಟುವ ಮಕ್ಕಳು ಇನ್ನು ಪಟ್ಟಣದಲ್ಲಿ ಮಾತ್ರವಲ್ಲ, ಸಂಪಿಗೆಯಂತಹ ಊರುಗಳಲ್ಲೂ ಕಾಣಸಿಗುವ ದಿನ ದೂರವಿಲ್ಲ.

ಸ್ಪರ್ಧಾ ಕಣದ ಶಿಸ್ತು

ವಿದ್ಯಾರ್ಥಿಗಳ ರೋಬೋ ಸ್ಪರ್ಧೆಗಳಿಗೆ ಮೂರು ದಶಕಗಳಿಗೂ ಮೀರಿದ ಇತಿಹಾಸವಿದೆ. ಅಮೆರಿಕದ ಸಂಶೋಧಕ ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ 'ಫಸ್ಟ್' ಸಂಸ್ಥೆಯು 1992ರಲ್ಲಿ 28 ತಂಡಗಳೊಂದಿಗೆ ತನ್ನ ಮೊದಲ ಪ್ರೌಢಶಾಲಾ ಸ್ಪರ್ಧೆ ನಡೆಸಿತು. ಏಷ್ಯಾ ಪೆಸಿಫಿಕ್ ಪ್ರಸಾರ ಒಕ್ಕೂಟದ 'ರೋಬೋಕಾನ್' 2002ರಲ್ಲಿ ಟೋಕಿಯೋದಲ್ಲಿ ಆರಂಭವಾಯಿತು. 2008 ಮತ್ತು 2014ರಲ್ಲಿ ಅದರ ಅಂತರರಾಷ್ಟ್ರೀಯ ಸ್ಪರ್ಧೆಗೆ ಪುಣೆ ಆತಿಥ್ಯ ವಹಿಸಿತ್ತು. ನಮ್ಮ ದೇಶದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಎರಡನೆಯ ಸ್ಪರ್ಧೆಯೇ ಹೆಚ್ಚು ಪರಿಚಿತ.

ಈ ಸ್ಪರ್ಧೆಗಳಲ್ಲಿ ಯಂತ್ರ ಎಷ್ಟೇ ಚತುರವಾಗಿದ್ದರೂ ಸುರಕ್ಷತಾ ನಿಯಮ ಪಾಲಿಸದೆ ಕಣಕ್ಕೆ ಇಳಿಯುವಂತಿಲ್ಲ. ಫಸ್ಟ್ ಸ್ಪರ್ಧೆಯಲ್ಲಿ ರೋಬೋ ಸಿದ್ಧಪಡಿಸುವ ಅಂಕಣಕ್ಕೆ ಕಾಲಿಡುವವರೆಲ್ಲರೂ, ಅತಿಥಿಗಳೂ ಸೇರಿ, ರಕ್ಷಣಾ ಕನ್ನಡಕ ಧರಿಸಬೇಕು. ಬೆರಳು ಮುಚ್ಚುವ ಪಾದರಕ್ಷೆ ಕಡ್ಡಾಯ. ರೋಬೋ ಮೇಲೆ ಒಂದು ದೀಪವಿದ್ದು, ಯಂತ್ರ ಚಲಿಸಲು ಅಣಿಯಾದಾಗ ಮಿನುಗುತ್ತದೆ, ಚಲನೆ ತಡೆದಿರುವಾಗ ಸ್ಥಿರವಾಗಿ ಉರಿಯುತ್ತದೆ. ದೂರದಲ್ಲಿ ನಿಂತವರಿಗೂ ಯಂತ್ರದ ಸ್ಥಿತಿ ಒಂದೇ ನೋಟಕ್ಕೆ ತಿಳಿಯಲೆಂಬುದು ಇದರ ಉದ್ದೇಶ. ತುರ್ತು ನಿಲುಗಡೆಯ ಗುಂಡಿ ಚಾಲಕರ ಕೈಗೆಟಕುವಲ್ಲಿ ಇರುತ್ತದೆ. ಅನೇಕ ತಂಡಗಳು ತಮ್ಮಲ್ಲೇ ಒಬ್ಬ ವಿದ್ಯಾರ್ಥಿಯನ್ನು ಸುರಕ್ಷತಾ ನಾಯಕನನ್ನಾಗಿ ನೇಮಿಸುತ್ತವೆ. ಕೆಲಸ ನಿಲ್ಲಿಸಿ ಎಂದು ಹೇಳುವ ಅಧಿಕಾರ ಆ ನಾಯಕನಿಗಿರುತ್ತದೆ. ಹಿರಿಯ ಮಾರ್ಗದರ್ಶಕರೂ ಆ ಮಾತಿಗೆ ಬದ್ಧರು.

ಈ ಯಂತ್ರಗಳು ಆಟಿಕೆಗಳಲ್ಲ. ಫಸ್ಟ್ ಸ್ಪರ್ಧೆಯ ದೊಡ್ಡ ರೋಬೋ 50 ಕಿಲೋಗೂ ಹೆಚ್ಚು ತೂಗಬಹುದು. ಅದರ ಬ್ಯಾಟರಿ ಕೇವಲ 12 ವೋಲ್ಟಿನದು, ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಆದರೆ ಅದರ ಎರಡು ತುದಿಗಳಿಗೆ ಒಂದು ಸ್ಪಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ವಿದ್ಯುತ್ ಹರಿದು ಲೋಹ ಕೆಂಪಗೆ ಕಾಯುತ್ತದೆ. ಕೈಯಲ್ಲಿ ಉಂಗುರವಿದ್ದರೆ ಬೆರಳಿಗೇ ಅಪಾಯ. ವೋಲ್ಟೇಜ್ ಕಡಿಮೆಯಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದು ತಿಳಿಯಬಾರದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಕಲಿಯುತ್ತಾರೆ. ಟ್ರಾಕ್ಟರ್ ಬ್ಯಾಟರಿ ಬಿಚ್ಚುವ ಮೆಕಾನಿಕ್‌ಗೂ ಇದೇ ಪಾಠ ಅನ್ವಯಿಸುತ್ತದೆ.

ಫಲಕದಿಂದ ಬಾರದ ಸಂಸ್ಕೃತಿ

'ಸುರಕ್ಷತಾ ಸಂಸ್ಕೃತಿ' ಎಂಬ ನುಡಿಗಟ್ಟು ಬಳಕೆಗೆ ಬಂದದ್ದು 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದ ನಂತರ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಆ ದುರಂತವನ್ನು ವಿಶ್ಲೇಷಿಸುವಾಗ, ಯಂತ್ರದ ದೋಷದೊಂದಿಗೆ ಅಲ್ಲಿನವರ ಮನೋಭಾವ ಮತ್ತು ರೂಢಿಗಳ ದೋಷವನ್ನೂ ಗುರುತಿಸಿ ಈ ಪದವನ್ನು ಬಳಸಿದರು. ಇದಕ್ಕೆ ಎರಡು ವರ್ಷ ಮೊದಲು, 1984ರಲ್ಲಿ, ಭೋಪಾಲ ಅನಿಲ ದುರಂತ ನಮ್ಮ ದೇಶಕ್ಕೆ ಇದೇ ಎಚ್ಚರಿಕೆಯನ್ನು ಅತ್ಯಂತ ಕಠೋರವಾಗಿ ನೀಡಿತ್ತು.

ನಮ್ಮಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ 1966ರ ಮಾರ್ಚ್ 4ರಂದು ಸ್ಥಾಪನೆಯಾಯಿತು. ಪ್ರತಿ ವರ್ಷ ಆ ದಿನವನ್ನು ರಾಷ್ಟ್ರೀಯ ಸುರಕ್ಷತಾ ದಿನವಾಗಿ ಆಚರಿಸಲಾಗುತ್ತದೆ. ಅಂದು ಫಲಕ ಬರೆಸಿ, ಪ್ರತಿಜ್ಞೆ ಸ್ವೀಕರಿಸಿ, ಮರುದಿನ ಯಂತ್ರದ ಕವಚ ಬಿಚ್ಚಿಟ್ಟು ಕೆಲಸ ಮುಂದುವರಿಸಿದರೆ ಪ್ರಯೋಜನವಿಲ್ಲ. ಅಭ್ಯಾಸ ಬೆಳೆಯುವುದು ದಿನನಿತ್ಯದ ಆಚರಣೆಯಿಂದ. ಅದಕ್ಕೆ ಮೊದಲ ಮಾದರಿ ಆ ಕೋಣೆಯ ಹಿರಿಯರು. ಕನ್ನಡಕ ಧರಿಸದೆ ಗ್ರೈಂಡರ್ ಹಿಡಿಯುವ ಉಪನ್ಯಾಸಕರು ಹೇಳಿದ ನಿಯಮವನ್ನು ಯಾವ ವಿದ್ಯಾರ್ಥಿಯೂ ಮನಸ್ಸಿಗೆ ತೆಗೆದುಕೊಳ್ಳುವುದಿಲ್ಲ. ಕಾರ್ಖಾನೆಯಲ್ಲಿ ಮಾಲೀಕರ ಸ್ಥಾನವೂ ಇಂತಹುದೇ.

ತಂಡದಲ್ಲಿ ರೂಢಿಸಬೇಕಾದ ಕ್ರಮಗಳು

ಉತ್ತಮ ವಿದ್ಯಾರ್ಥಿ ತಂಡವೊಂದರ ಕಾರ್ಯಾಗಾರದಲ್ಲಿ ಈ ಕೆಳಗಿನ ಕ್ರಮಗಳು ರೂಢಿಯಲ್ಲಿರಬೇಕು. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ.

1. ಕನ್ನಡಕಗಳನ್ನು ಬೀರುವಿನಲ್ಲಿಡದೆ ಬಾಗಿಲ ಬಳಿಯೇ ತೂಗುಹಾಕಬೇಕು. ಹುಡುಕಬೇಕಾದ ವಸ್ತುವನ್ನು ಯಾರೂ ಧರಿಸುವುದಿಲ್ಲ.

2. ತಿರುಗುವ ಯಂತ್ರದ ಬಳಿ ಸಡಿಲ ಬಟ್ಟೆ, ದುಪಟ್ಟಾ, ಇಳಿಬಿಟ್ಟ ಕೂದಲು, ಬಳೆ, ಕೈಗಡಿಯಾರ ಇರಬಾರದು. ಡ್ರಿಲ್ ಮತ್ತು ಲೇತ್‌ಗಳಲ್ಲಿ ಕೈಗವಸು ರಕ್ಷಣೆಯಲ್ಲ. ಅದು ಸುತ್ತಿಕೊಂಡು ಕೈಯನ್ನೇ ಒಳಗೆಳೆಯುತ್ತದೆ. ಕೈಗವಸು ಬಿಸಿ ಅಥವಾ ಹರಿತವಾದ ವಸ್ತು ಎತ್ತಲು ಮಾತ್ರ.

3. ಸ್ವಿಚ್ ಒತ್ತುವ ಮುನ್ನ ಗಟ್ಟಿಯಾಗಿ ಹೇಳಬೇಕು, ಎಲ್ಲರೂ ಉತ್ತರಿಸಬೇಕು, ಅನಂತರ ಒತ್ತಬೇಕು. ಸಂಪಿಗೆ ರಸ್ತೆ ನಿಲ್ದಾಣದ ಮೂಲಕ ಹಾದುಹೋಗುವ ರೈಲುಗಳಲ್ಲಿ ಚಾಲಕ ಮತ್ತು ಸಹಚಾಲಕ ಸಿಗ್ನಲ್‌ನ ಬಣ್ಣವನ್ನು ಪರಸ್ಪರ ಕೂಗಿ ಹೇಳುವುದು ಇದೇ ತತ್ತ್ವದ ಮೇಲೆ. ಜಪಾನಿನ ರೈಲ್ವೆಯಲ್ಲಿ ಬೆರಳು ತೋರಿ ಕೂಗುವ ಪದ್ಧತಿಯೇ ಇದ್ದು, ಅಲ್ಲಿನ ಕಾರ್ಖಾನೆಗಳಿಗೂ ಹರಡಿದೆ. ಕಣ್ಣು, ಬೆರಳು, ಬಾಯಿ, ಕಿವಿ ಒಟ್ಟಿಗೆ ಕೆಲಸ ಮಾಡಿದಾಗ ಮರೆವು ಕಡಿಮೆ.

4. ಯಂತ್ರದೊಳಗೆ ಕೈ ಹಾಕುವ ಮುನ್ನ ಬ್ಯಾಟರಿಯ ಸಂಪರ್ಕವನ್ನೇ ಕಳಚಬೇಕು. ಸ್ವಿಚ್ ಆರಿಸುವುದಷ್ಟೇ ಸಾಲದು. ಕಳಚಿದ ತುದಿ ಕೈ ಹಾಕಿದವನ ಕಣ್ಣಿಗೆ ಬೀಳುವಂತಿರಬೇಕು.

5. ಲಿಥಿಯಂ ಬ್ಯಾಟರಿಗಳನ್ನು ಯಾರೂ ಇಲ್ಲದಾಗ ಚಾರ್ಜ್ ಮಾಡಬಾರದು. ಉಬ್ಬಿದ ಅಥವಾ ಕೆಳಗೆ ಬಿದ್ದ ಬ್ಯಾಟರಿಯನ್ನು ಬೇರೆ ಇಡಬೇಕು. ಸೀಸದ ಬ್ಯಾಟರಿಯ ಆಮ್ಲ ಚೆಲ್ಲಿದರೆ ಹಾಕಲು ಅಡುಗೆ ಸೋಡಾ ಸಿದ್ಧವಿರಬೇಕು.

6. ಗಾಯ ಮಾತ್ರವಲ್ಲ, ಕೂದಲೆಳೆಯಲ್ಲಿ ತಪ್ಪಿದ ಅಪಘಾತವನ್ನೂ ಒಂದು ಪುಸ್ತಕದಲ್ಲಿ ಬರೆಯಬೇಕು. ಬರೆದವನಿಗೆ ಬೈಗುಳವಾಗಲಿ ದಂಡವಾಗಲಿ ಇರಬಾರದು. ಬೈಗುಳವಿರುವಲ್ಲಿ ಪುಸ್ತಕ ಖಾಲಿ ಉಳಿಯುತ್ತದೆ, ಅಪಾಯ ಮಾತ್ರ ಹಾಗೆಯೇ ಇರುತ್ತದೆ.

ವರ್ಷಕ್ಕೊಮ್ಮೆ ಬದಲಾಗುವ ಕೈಗಳು

ವಿದ್ಯಾರ್ಥಿ ತಂಡದ ದೊಡ್ಡ ತೊಡಕೆಂದರೆ ಅದರ ಸದಸ್ಯರು ವರ್ಷವರ್ಷವೂ ಬದಲಾಗುವುದು. ಅಂತಿಮ ವರ್ಷದವರು ಹೊರನಡೆದಾಗ ಅವರ ಅನುಭವವೂ ಹೊರನಡೆಯುತ್ತದೆ. ಯಾವ ಯಂತ್ರ ಹೇಗೆ ಒದೆಯುತ್ತದೆ, ಯಾವ ವೈರು ಸಡಿಲ ಎಂಬುದು ಹೊಸಬರಿಗೆ ತಿಳಿದಿರುವುದಿಲ್ಲ. ಆದುದರಿಂದಲೇ ಉತ್ತಮ ತಂಡಗಳಲ್ಲಿ ಹೊಸಬರು ಒಂದೊಂದು ಉಪಕರಣವನ್ನೂ ಹಿರಿಯರೆದುರು ಬಳಸಿ ತೋರಿಸಿ ಅನುಮತಿ ಪಡೆದ ನಂತರವಷ್ಟೇ ಅದನ್ನು ಸ್ವತಂತ್ರವಾಗಿ ಮುಟ್ಟಬಹುದು.

ಹಂಗಾಮಿನ ಕೆಲಸಗಾರರನ್ನು ಅವಲಂಬಿಸಿರುವ ನಾರಿನ ಅಥವಾ ಕಾಯಿಪುಡಿಯ ಘಟಕದ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಹೊರ ಊರಿನಿಂದ ಬಂದವನು ಮೊದಲ ದಿನವೇ ಯಂತ್ರದ ಬಾಯಿಗೆ ಮಟ್ಟೆ ಕೊಡಲು ನಿಲ್ಲುತ್ತಾನೆ. ಹತ್ತು ನಿಮಿಷ ಯಂತ್ರ ತೋರಿಸಿ, ಎಲ್ಲಿ ಕೈ ಇಡಬಾರದು, ನಿಲ್ಲಿಸುವ ಗುಂಡಿ ಎಲ್ಲಿದೆ ಎಂದು ಅವನ ಬಾಯಿಂದಲೇ ಹೇಳಿಸಿದರೆ ದೊಡ್ಡ ಅನಾಹುತ ತಪ್ಪಬಹುದು.

ಇನ್ನೊಂದು ಸಾಮ್ಯವೆಂದರೆ ಕೊನೆಯ ಗಳಿಗೆಯ ಆತುರ. ಸ್ಪರ್ಧೆಯ ಹಿಂದಿನ ರಾತ್ರಿ ನಿದ್ದೆಗೆಟ್ಟ ವಿದ್ಯಾರ್ಥಿಗಳು ಕನ್ನಡಕ ಮರೆಯುತ್ತಾರೆ, ಬ್ಯಾಟರಿ ಕಳಚದೆ ನಟ್ಟು ಬಿಗಿಯುತ್ತಾರೆ. ಹಬ್ಬದ ಮುಂಚಿನ ಆರ್ಡರ್ ಪೂರೈಸುವ ಧಾವಂತದಲ್ಲಿ ಘಟಕಗಳಲ್ಲೂ ಕವಚ ತೆಗೆದಿಟ್ಟು ಯಂತ್ರ ಓಡಿಸುವುದುಂಟು. ನಿಯಮ ಅತ್ಯಂತ ಅಗತ್ಯವಾಗಿರುವುದೇ ಇಂತಹ ದಿನಗಳಲ್ಲಿ.

ಕರೆಂಟು ಹೋದಾಗಿನ ಅಪಾಯ

ಬ್ಯಾಟರಿ ಕಳಚುವ ನಿಯಮಕ್ಕೆ ನಮ್ಮ ಸೀಮೆಯಲ್ಲಿ ವಿಶೇಷ ಅರ್ಥವಿದೆ. ಯಂತ್ರದಲ್ಲಿ ನಾರು ಸಿಕ್ಕಿಕೊಂಡಿರುವಾಗ ಕರೆಂಟು ಹೋಯಿತೆನ್ನೋಣ. ಯಂತ್ರ ಹೇಗೂ ನಿಂತಿದೆಯೆಂದು ಕೆಲಸಗಾರ ಕೈ ಹಾಕುತ್ತಾನೆ. ಸ್ವಿಚ್ ಹಾಕಿದಂತೆಯೇ ಇದ್ದರೆ, ಕರೆಂಟು ಬಂದ ಕ್ಷಣವೇ ಯಂತ್ರ ತಿರುಗುತ್ತದೆ. ತೋಟದ ಕೊಳವೆಬಾವಿಯ ಮೋಟಾರಿಗೆ ಆಟೋ ಸ್ಟಾರ್ಟರ್ ಅನುಕೂಲ. ಜನ ದುಡಿಯುವ ಯಂತ್ರಕ್ಕೆ ಅದನ್ನು ಎಂದಿಗೂ ಜೋಡಿಸಬಾರದು. ಕರೆಂಟು ಹೋದಾಗ ತಾನೇ ಬಿಟ್ಟುಕೊಂಡು, ಮತ್ತೆ ಗುಂಡಿ ಒತ್ತಿದಾಗ ಮಾತ್ರ ಹಿಡಿಯುವ ಸ್ಟಾರ್ಟರ್ ಇಲ್ಲಿ ಇರಬೇಕು. ಅನುಭವಿ ಎಲೆಕ್ಟ್ರಿಷಿಯನ್ ಫ್ಯೂಸ್ ಕಿತ್ತು ತನ್ನ ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಇಳಿಯುತ್ತಾನೆ. ರೋಬೋ ತಂಡದ ವಿದ್ಯಾರ್ಥಿ ಬ್ಯಾಟರಿ ಕಳಚುವುದೂ ಅದೇ ಜಾಣತನ.

ಕಾನೂನು ಮತ್ತು ಲಾಭ

1948ರ ಕಾರ್ಖಾನೆಗಳ ಕಾಯಿದೆ ಯಂತ್ರಗಳಿಗೆ ಕವಚ, ಕಣ್ಣಿನ ರಕ್ಷಣೆ ಮುಂತಾದುವನ್ನು ದಶಕಗಳ ಕಾಲ ವಿಧಿಸಿತ್ತು. ಅದರ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020 ಎಂಬುದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಹಿಂದೆ 10 ಕೆಲಸಗಾರರಿದ್ದರೆ ಸಾಕಿತ್ತು, ಈಗ ಆ ಮಿತಿ 20. ವಿದ್ಯುತ್ ಬಳಸದ ಘಟಕಗಳಿಗೆ 20ರಿಂದ 40ಕ್ಕೆ ಏರಿದೆ. ಹೀಗಾಗಿ ಅನೇಕ ಸಣ್ಣ ಘಟಕಗಳು ಕಾರ್ಖಾನೆಯ ವ್ಯಾಖ್ಯೆಯಿಂದ ಹೊರಗುಳಿಯುತ್ತವೆ. ಆದರೆ ಬೆಲ್ಟು, ಪುಲ್ಲಿಗಳಿಗೆ ಈ ವ್ಯತ್ಯಾಸ ತಿಳಿಯದು. ತಪಾಸಣೆ ಕಡಿಮೆಯಾದಷ್ಟೂ ಸ್ವಂತ ಅಭ್ಯಾಸದ ಹೊಣೆ ಹೆಚ್ಚುತ್ತದೆ. ಇಂತಹ ಘಟಕಗಳಲ್ಲಿ ಯಂತ್ರದ ಬಳಿ ನಿಲ್ಲುವವರು ಬಹುಪಾಲು ಮಾಲೀಕರ ಮನೆಯವರೇ ಆಗಿರುತ್ತಾರೆಂಬುದನ್ನು ಮರೆಯಬಾರದು.

ಸುರಕ್ಷತೆ ಖರ್ಚಿನ ಬಾಬ್ತೆಂಬ ಭಾವನೆಗೆ ಅಮೆರಿಕದ ಅಲ್ಯೂಮಿನಿಯಂ ಕಂಪನಿ ಅಲ್ಕೋವಾ ಉತ್ತರ ನೀಡಿದೆ. 1987ರಲ್ಲಿ ಅದರ ಮುಖ್ಯಸ್ಥರಾದ ಪಾಲ್ ಓ'ನೀಲ್ ಹೂಡಿಕೆದಾರರ ಮೊದಲ ಸಭೆಯಲ್ಲಿ ಲಾಭದ ಬದಲು ಕೆಲಸಗಾರರ ಸುರಕ್ಷತೆಯ ಬಗ್ಗೆ ಮಾತನಾಡಿ ಎಲ್ಲರನ್ನೂ ಅಚ್ಚರಿಗೊಳಿಸಿದರು. ಗಾಯದಿಂದ ಕೆಲಸದ ದಿನ ಕಳೆದುಕೊಳ್ಳುವ ಪ್ರಕರಣಗಳು 100 ಕೆಲಸಗಾರರಿಗೆ 1.86 ಇದ್ದುದು, 2000ನೇ ಇಸವಿಯ ಹೊತ್ತಿಗೆ 0.2ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕಂಪನಿಯ ಲಾಭ ಹಲವು ಪಟ್ಟು ಬೆಳೆಯಿತು. ಅಪಘಾತದ ಕಾರಣ ಹುಡುಕುತ್ತ ಹೋದವರಿಗೆ ಉತ್ಪಾದನೆಯ ಲೋಪಗಳೂ ಕಂಡುಬಂದುದೇ ಇದಕ್ಕೆ ಒಂದು ಕಾರಣ.

ವರ್ತಕರು, ಉದ್ಯಮಿಗಳು ಮಾಡಬಹುದಾದದ್ದು

ತಿಪಟೂರಿನಲ್ಲಿ 1986ರಲ್ಲಿ ಸ್ಥಾಪನೆಯಾದ ಕಲ್ಪತರು ತಾಂತ್ರಿಕ ವಿದ್ಯಾಲಯವಿದೆ. ಜಿಲ್ಲಾ ಕೇಂದ್ರದಲ್ಲಿ 1963ರಿಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಇಂತಹ ಸಂಸ್ಥೆಗಳ ಹಾಗೂ ಊರಿನ ಶಾಲೆಗಳ ವಿದ್ಯಾರ್ಥಿಗಳು ಯಂತ್ರ ಕಟ್ಟಲು ನೆರವು ಕೇಳಿದಾಗ ವರ್ತಕರು ಹಣ, ಬಹುಮಾನದ ಫಲಕ ನೀಡುವುದು ವಾಡಿಕೆ. ಅದರೊಡನೆ ಒಂದು ಡಜನ್ ರಕ್ಷಣಾ ಕನ್ನಡಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಅಗ್ನಿಶಾಮಕ ಸಾಧನ ನೀಡಿ, ಅವನ್ನು ದಿನವೂ ಬಳಸುವ ಷರತ್ತು ಹಾಕಿದರೆ ನೆರವಿನ ಬೆಲೆ ಇಮ್ಮಡಿಸುತ್ತದೆ.

ವಿದ್ಯಾರ್ಥಿಗಳನ್ನು ಘಟಕಕ್ಕೆ ಕರೆಸಿ, ಎಲ್ಲೆಲ್ಲಿ ಕೈ ಸಿಕ್ಕಿಕೊಳ್ಳಬಹುದೆಂದು ಪಟ್ಟಿ ಮಾಡಿಸುವುದು ಇನ್ನೊಂದು ದಾರಿ. ದಿನವೂ ನೋಡುವವರ ಕಣ್ಣಿಗೆ ಬೀಳದ್ದು ಹೊಸ ಕಣ್ಣಿಗೆ ಬೇಗ ಕಾಣುತ್ತದೆ. ಬೆಲ್ಟಿಗೆ ತಂತಿಬಲೆಯ ಕವಚ, ಯಂತ್ರದ ಬಾಯಿಗೆ ಕೈ ಹೋಗದಷ್ಟು ಉದ್ದದ ತೊಟ್ಟಿ, ಕಾಲಿನಿಂದ ಒತ್ತಿ ನಿಲ್ಲಿಸುವ ಸ್ವಿಚ್ ಇವನ್ನು ಯೋಜನಾ ಕಾರ್ಯವಾಗಿ ಅವರಿಂದಲೇ ಮಾಡಿಸಬಹುದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ 'ತೆಂಗಿನ ಮರದ ಗೆಳೆಯರು' ತರಬೇತಿಯು ಮರ ಹತ್ತುವ ಸಾಧನದೊಂದಿಗೆ ವಿಮೆಯನ್ನೂ ಜೋಡಿಸಿತ್ತು. ಕೌಶಲ ಮತ್ತು ರಕ್ಷಣೆಯನ್ನು ಒಟ್ಟಿಗೆ ಕಲಿಸುವ ಅದೇ ವಿವೇಕ ಯಂತ್ರದ ಬಳಿಯೂ ಬೇಕು.

ಬ್ಯಾಟರಿ ಕಳಚದೆ ಯಂತ್ರ ಮುಟ್ಟದ ಹುಡುಗ, ಹಿರಿಯರೆದುರೂ 'ನಿಲ್ಲಿಸಿ' ಎನ್ನಬಲ್ಲ ಹುಡುಗಿ ನಾಳೆ ಯಾವ ಘಟಕಕ್ಕೆ ಬಂದರೂ ಅಲ್ಲಿಗೆ ಆಸ್ತಿ. ಆದರೆ ಅವರು ಬಂದ ದಿನ 'ಇದೆಲ್ಲ ಕಾಲೇಜಿನ ಮಾತು' ಎಂದು ಅವರ ಅಭ್ಯಾಸವನ್ನು ಬಿಡಿಸದಿರುವ ಹೊಣೆ ಮಾಲೀಕರದು. ಈ ಬಾರಿಯ ಮಾರ್ಚ್ 4ಕ್ಕೆ ಮೊದಲು ಸದಸ್ಯರೆಲ್ಲರೂ ತಮ್ಮ ಘಟಕದಲ್ಲಿ ಬಿಚ್ಚಿಟ್ಟಿರುವ ಕವಚಗಳನ್ನು ಹುಡುಕಿ ಮತ್ತೆ ಜೋಡಿಸಿದರೆ, ಅದೇ ಆ ದಿನದ ಸಾರ್ಥಕ ಆಚರಣೆ.