ಲೆದರ್ ಬಾಲ್ ಕೈಗೆ ಬರುವ ಮೊದಲು

ಹೈದರಾಬಾದಿನ ಬೇಗಂ ಬಜಾರಿನ ಡ್ರೈಫ್ರೂಟ್ ಅಂಗಡಿಯಲ್ಲಿ ಸೇಠ್‌ಜಿ ಬಾದಾಮಿ ಪರೀಕ್ಷಿಸುವುದನ್ನು ನಿಂತು ನೋಡಬೇಕು. ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ, ತಳದಿಂದ ಹಿಡಿಯಷ್ಟು ಎತ್ತಿ, ಒಂದನ್ನು ಕಡಿದು ದರ ಹೇಳಿಬಿಡುತ್ತಾರೆ. ಕಲಬುರಗಿ, ಬೀದರ, ರಾಯಚೂರಿನ ಕಿರಾಣಿ ಅಂಗಡಿಯವರಿಗೆ ಈ ದೃಶ್ಯ ಹೊಸದಲ್ಲ. 1956ರವರೆಗೆ ನಮ್ಮ ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ರಾಜಧಾನಿ ಬದಲಾದರೂ ಹೋಲ್‌ಸೇಲ್ ಮಾಲಿಗೆ ಈ ಓಣಿಗಳನ್ನು ಬಿಟ್ಟವರು ಕಡಿಮೆ.

ಆದರೆ ಸೇಠ್‌ಜಿ ನೋಡುವುದು ಇವತ್ತಿನ ಮಾಲು. ಮೂರು ವರ್ಷದ ಮೇಲೆ ಈ ಬಾದಾಮಿ ಏನಾದೀತು ಎಂದು ಯಾರೂ ಅವರನ್ನು ಕೇಳುವುದಿಲ್ಲ. ಹುಡುಗನೊಬ್ಬನ ಬೌಲಿಂಗ್ ನೋಡಿ ಆರಿಸುವವನಿಗೆ ಅದೇ ಪ್ರಶ್ನೆ.

ಅಮೆರಿಕದ ಬೇಸ್‌ಬಾಲ್‌ನವರು ಇದಕ್ಕೊಂದು ಅಳತೆಗೋಲು ಇಟ್ಟುಕೊಂಡಿದ್ದಾರೆ. ಚೆಂಡೆಸೆಯುವ ಪಿಚರ್‌ನ ವೇಗಕ್ಕೆ, ತಿರುವಿಗೆ, ಹತೋಟಿಗೆ 20ರಿಂದ 80ರವರೆಗೆ ಅಂಕ. 50 ಬಂದರೆ ಮೇಜರ್ ಲೀಗ್‌ನ ಸರಾಸರಿ. ಬರೆಯುವುದು ಎರಡೆರಡು ಅಂಕ: ಇವತ್ತಿನದೊಂದು, ಮುಂದೆ ಆಗಬಹುದಾದದ್ದೊಂದು. ಆ ಎರಡರ ನಡುವಿನ ಅಂತರ ತುಂಬಿಸುವ ಜಾಗವೇ ಮೈನರ್ ಲೀಗ್. 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಎಂಬ ಟಿವಿ ಸ್ಪರ್ಧೆ ನಮ್ಮ ದೇಶದಲ್ಲೂ ಇಂಥ ಕೈಗಳನ್ನು ಹುಡುಕಿತು. ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್, ದಿನೇಶ್ ಪಟೇಲ್ ಅವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿಸಿಕೊಂಡಿತು. ದಿನೇಶ್ 2010ರಲ್ಲೇ ಹೊರಬಿದ್ದರು. ರಿಂಕು ಕೆಲವು ಮೆಟ್ಟಿಲು ಹತ್ತಿದರೂ ಮೇಜರ್ ಲೀಗ್ ಮುಟ್ಟಲಿಲ್ಲ, ಮೊಣಕೈ ಕೈಕೊಟ್ಟಿತು.

ಬೇಗಂ ಬಜಾರಿನಿಂದ ಕೆಲವೇ ಕಿಲೋಮೀಟರ್ ದೂರದ ಫಸ್ಟ್ ಲ್ಯಾನ್ಸರ್ ಬಡಾವಣೆಯಲ್ಲಿ ಆಟೋ ಓಡಿಸುತ್ತಿದ್ದ ಮೊಹಮ್ಮದ್ ಗೌಸ್ ಅವರ ಮಗನಿಗೆ ಯಾವ ಟಿವಿ ಸ್ಪರ್ಧೆಯೂ ಸಿಗಲಿಲ್ಲ. ಸಿಕ್ಕಿದ್ದು ಟೆನಿಸ್ ಬಾಲ್. ಅದು ಹಗುರ, ಲೆದರ್ ಬಾಲ್‌ನಂತೆ ಸೀಮ್ ಹಿಡಿದು ಆಡಿಸಲಾಗದು. ಬ್ಯಾಟ್ಸ್‌ಮನ್‌ನನ್ನು ಹೆದರಿಸಬೇಕೆಂದರೆ ಭುಜ ಬೀಸಲೇಬೇಕು. ಮೊಹಮ್ಮದ್ ಸಿರಾಜ್ ಹೀಗೆ ಗಲ್ಲಿಯಲ್ಲೇ ವೇಗ ಗಳಿಸಿದರು. ಮಾವನ ಕ್ಲಬ್ ಪರ ಆಡಿದ ಪಂದ್ಯವೊಂದರಲ್ಲಿ 9 ವಿಕೆಟ್ ತೆಗೆದು 500 ರೂಪಾಯಿ ಬಹುಮಾನ ಪಡೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ.

ಹೈದರಾಬಾದ್ ಕ್ರಿಕೆಟ್ ಅಂದರೆ ಮಣಿಕಟ್ಟಿನ ಚಮತ್ಕಾರ: ಜೈಸಿಂಹ, ಅಜರುದ್ದೀನ್, ಲಕ್ಷ್ಮಣ್. ಬೌಲಿಂಗ್ ಅಂದರೆ ಗುಲಾಂ ಅಹ್ಮದ್‌ರಿಂದ ವೆಂಕಟಪತಿ ರಾಜುವರೆಗೆ ಸ್ಪಿನ್. ವೇಗಿ ದೇವರಾಜ್ ಗೋವಿಂದರಾಜ್ 1971ರಲ್ಲಿ ಭಾರತ ತಂಡದೊಂದಿಗೆ ಪ್ರವಾಸ ಹೋದರೂ ಒಂದು ಟೆಸ್ಟ್ ಕೂಡ ಆಡಲಿಲ್ಲ. ಇಂಥ ಊರಲ್ಲಿ ವೇಗಿಯನ್ನು ಗುರುತಿಸುವ ಕಣ್ಣು ಬೇಕಿತ್ತು. ಆ ಕಣ್ಣು ಕೋಚ್ ಭರತ್ ಅರುಣ್ ಅವರದು. 2015ರಲ್ಲಿ ರಣಜಿಗೆ ಬಂದ ಸಿರಾಜ್, ಅರುಣ್ ಹೈದರಾಬಾದ್ ತಂಡದ ಕೋಚ್ ಆಗಿದ್ದ 2016-17ರಲ್ಲಿ 41 ವಿಕೆಟ್ ಪಡೆದರು, ಸರಾಸರಿ 18.92. ಮುಂದಿನ ಐಪಿಎಲ್ ಹರಾಜಿಗೆ 20 ಲಕ್ಷದ ಮೂಲಬೆಲೆಗೆ ನಿಂತಿದ್ದ ಹುಡುಗನಿಗೆ ಸನ್‌ರೈಸರ್ಸ್ 2.6 ಕೋಟಿ ಕೊಟ್ಟಿತು.

ಕಥೆ ಇಲ್ಲೇ ಮುಗಿದಿದ್ದರೆ ಆರಿಸಿದವರೆಲ್ಲ ಜಾಣರು. ಮುಂದಿನ ಎರಡು ವರ್ಷದ ಲೆಕ್ಕ ನೋಡಿ. ರಾಜ್‌ಕೋಟ್‌ನಲ್ಲಿ ಆಡಿದ ಮೊದಲ ಅಂತರರಾಷ್ಟ್ರೀಯ ಟಿ20ಯಲ್ಲಿ 4 ಓವರಿಗೆ 53 ರನ್. 2019ರ ಜನವರಿಯಲ್ಲಿ ಅಡಿಲೇಡ್‌ನ ಮೊದಲ ಏಕದಿನ ಪಂದ್ಯದಲ್ಲಿ 76 ರನ್, ವಿಕೆಟ್ ಇಲ್ಲ. ಆ ವರ್ಷ, ಅಷ್ಟರಲ್ಲಿ ಅವರು ಸೇರಿದ್ದ ಆರ್‌ಸಿಬಿಯ ಅಭಿಮಾನಿಗಳು ಅವರನ್ನು ಆಡಿಕೊಂಡದ್ದು ನೆನಪಿದೆ. ಆಡಿಕೊಂಡವರಲ್ಲಿ ನಾನೂ ಒಬ್ಬ. ನಾವು ಮರೆತದ್ದು 2018ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲೇ ಆಸ್ಟ್ರೇಲಿಯಾ ‘ಎ’ ವಿರುದ್ಧ 59 ರನ್‌ಗೆ 8 ವಿಕೆಟ್ ಕಿತ್ತಿದ್ದನ್ನು. ಕೆಂಪು ಚೆಂಡಿನಲ್ಲಿ ಬೇರೆಯೇ ಸಿರಾಜ್ ತಯಾರಾಗುತ್ತಿದ್ದರು. ನಾವು ಕಡಿದು ನೋಡಿದ್ದು ಚೀಲದ ಬಾಯಲ್ಲಿದ್ದ ಬಾದಾಮಿ ಮಾತ್ರ.

ಬೌಲರ್‌ನ ಬೆಳವಣಿಗೆ ಕಾಣುವುದು ಅವನು ಹೊಸದೇನು ಕಲಿತ ಎನ್ನುವುದರಲ್ಲಿ. ಸಿರಾಜ್ ಕಲಿತದ್ದು ವಾಬಲ್ ಸೀಮ್. ಸೀಮ್‌ನ ಎರಡೂ ಬದಿಯ ಬೆರಳುಗಳನ್ನು ತುಸು ಅಗಲಿಸಿ ಬಿಟ್ಟರೆ ಚೆಂಡಿನ ಹೊಲಿಗೆ ನೆಟ್ಟಗೆ ನಿಲ್ಲದೆ ಓಲಾಡುತ್ತ ಹೋಗುತ್ತದೆ. ನೆಲಕ್ಕೆ ಬಿದ್ದ ಮೇಲೆ ಒಳಗೋ ಹೊರಗೋ, ಎಸೆದವನಿಗೂ ಖಾತ್ರಿಯಿಲ್ಲ. ಬ್ಯಾಟ್ಸ್‌ಮನ್‌ನ ಪಾಡು ಕೇಳಬೇಕೆ?

2020ರ ನವೆಂಬರ್‌ನಲ್ಲಿ ಸಿರಾಜ್ ಆಸ್ಟ್ರೇಲಿಯಾದಲ್ಲಿದ್ದಾಗ ಹೈದರಾಬಾದಿನಲ್ಲಿ ತಂದೆ ತೀರಿಕೊಂಡರು. ಮಗ ತಂಡದೊಂದಿಗೇ ಉಳಿದು, ಮೆಲ್ಬರ್ನ್‌ನಲ್ಲಿ ಟೆಸ್ಟ್ ಕ್ಯಾಪ್ ತೊಟ್ಟು, ಗಾಬಾದಲ್ಲಿ 73ಕ್ಕೆ 5 ವಿಕೆಟ್ ತೆಗೆದರು. ಇಂಥದ್ದಕ್ಕೆ 20ರಿಂದ 80ರ ಯಾವ ಪಟ್ಟಿಯಲ್ಲೂ ಕಾಲಂ ಇಲ್ಲ. 2023ರ ಏಷ್ಯಾ ಕಪ್ ಫೈನಲ್‌ನಲ್ಲಿ 21ಕ್ಕೆ 6, 2024ರಲ್ಲಿ ಕೇಪ್ ಟೌನ್‌ನಲ್ಲಿ 15ಕ್ಕೆ 6.

ಭಾನುವಾರ ಬೇಗಂ ಬಜಾರಿಗೆ ಹೋದರೆ, ಇಳಿಸಿದ ಶಟರ್‌ಗಳ ಮುಂದೆ ಆಡುವ ಹುಡುಗರ ಹತ್ತಿರ ಐದು ನಿಮಿಷ ನಿಲ್ಲಿ. ಎಷ್ಟು ವಿಕೆಟ್ ಬಿತ್ತು ಎಂದು ಕೇಳಬೇಡಿ. ಸಿಕ್ಸರ್ ಹೊಡೆಸಿಕೊಂಡ ಹುಡುಗ ಮುಂದಿನ ಬಾಲ್ ಹಾಕಲು ಹೇಗೆ ಓಡಿ ಬರುತ್ತಾನೆ, ಅದನ್ನು ನೋಡಿ. 2025ರ ಆಗಸ್ಟ್ 3ರಂದು ಓವಲ್ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಕೊಟ್ಟ ಕ್ಯಾಚ್ ಹಿಡಿದು ಬೌಂಡರಿ ಹಗ್ಗ ಮೆಟ್ಟಿದ ಸಿರಾಜ್, ಮರುದಿನ ಬೆಳಿಗ್ಗೆ ಅಟ್ಕಿನ್ಸನ್‌ನ ಆಫ್ ಸ್ಟಂಪ್ ಹಾರಿಸಿ ಭಾರತಕ್ಕೆ 6 ರನ್‌ಗಳ ಗೆಲುವು ತಂದರು.