ಐರಾವತವಿಲ್ಲದ ಸವಾರಿ

ಸೋಮನಾಥಪುರದ ಕೇಶವ ದೇವಾಲಯದ ಹೊರಗೋಡೆಯ ಮೇಲೆ ಇಂದ್ರ, ಶಚಿ ಇಬ್ಬರೂ ಐರಾವತದ ಬೆನ್ನೇರಿ ಕೂತಿದ್ದಾರೆ. ಪುರಾಣದಲ್ಲಿ ಅವರ ಸವಾರಿಗೆ ಕಾರಣ ಏನೇ ಇರಲಿ, ಭಾನುವಾರ ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿಯುವ ಜೋಡಿಗಳ ಕಣ್ಣಿಗೆ ಅದು ಗಂಡ ಹೆಂಡತಿ ತಿರುಗಾಟಕ್ಕೆ ಹೊರಟಂತೆಯೇ ಕಾಣುತ್ತದೆ. ಆ ಶಿಲ್ಪದ ಮುಂದೆ ನಿಂತು ಒಂದು ಸೆಲ್ಫಿ, ಸುತ್ತಲಿನ 64 ಗೂಡುಗಳ ಕೈಸಾಲೆಯಲ್ಲಿ ಕೈ ಹಿಡಿದು ಒಂದು ಸುತ್ತು, ಆಮೇಲೆ ತಲಕಾಡಿನ ಕಡೆಗೆ ಹೊರಟರೆ ಅವರ ವಾರಾಂತ್ಯಕ್ಕೆ ಒಂದು ಆಕಾರ ಬರುತ್ತದೆ. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಈ ಗುಡಿ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿದೆ.

ಊರಿನವರ ದಿಕ್ಕು ಬೇರೆ. ಅವರಿಗೆ ಗುಡಿ ಹುಟ್ಟಿದಾಗಿನಿಂದ ಕಂಡದ್ದು. ಮೂಲ ಕೇಶವ ವಿಗ್ರಹ ಎಂದೋ ಕಳೆದುಹೋಗಿ, ಗುಡಿಯಲ್ಲಿ ನಿತ್ಯಪೂಜೆಯೂ ಇಲ್ಲದ ಮೇಲೆ ಹರಕೆ ಹೊತ್ತು ಬರುವ ಕಾರಣವೂ ಇಲ್ಲ. ಬನ್ನೂರು, ಸೋಮನಾಥಪುರ, ತಿ. ನರಸೀಪುರದ ಕಡೆ ಹೊಸದಾಗಿ ಮದುವೆಯಾದವರನ್ನು 'ಎಲ್ಲಿಗಾದರೂ ಹೋಗಿ ಬಂದ್ರಾ?' ಎಂದು ಕೇಳಿದರೆ ಬರುವ ಉತ್ತರಗಳಲ್ಲಿ ಒಂದು ಬಿಡದಿ ಬಳಿಯ ನೀರಾಟದ ಪಾರ್ಕ್ 'ವಂಡರ್‌ಲಾ'. ಬೆಂಗಳೂರಿನ ಜೋಡಿ ಕಲ್ಲು ನೋಡಲು ಇತ್ತ, ಇಲ್ಲಿನ ಜೋಡಿ ನೀರಾಟಕ್ಕೆ ಅತ್ತ. ಎರಡೂ ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಹಾದುಹೋಗುತ್ತವೆ.

ಗಂಡ ಹೆಂಡತಿ ಇಬ್ಬರೇ ಎರಡು ದಿನ ಮನೆ ಬಿಟ್ಟು ಹೋಗುವುದು ಇವತ್ತು ಸಹಜವೆನಿಸಿದರೂ ಈ ಸೀಮೆಯ ಮಟ್ಟಿಗೆ ಅದಕ್ಕೆ ಬಹಳ ವಯಸ್ಸಾಗಿಲ್ಲ. ಹಾಗೆಂದು ಹಿಂದಿನವರಿಗೆ ತಿರುಗಾಟದ ಆಸೆ ಇರಲಿಲ್ಲವೆಂದಲ್ಲ. ಇತ್ತು, ಆದರೆ ಅದಕ್ಕೆ ದೇವರ ರುಜು ಬೇಕಿತ್ತು.

ತೇರಿನ ನೆಪ

ಆಷಾಢ ಬಂತೆಂದರೆ ಹೊಸ ಸೊಸೆ ತವರಿಗೆ. ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂಬುದು ಮಾತು. ಆಷಾಢದಲ್ಲಿ ಗರ್ಭ ನಿಂತರೆ ಹೆರಿಗೆ ಚೈತ್ರ ವೈಶಾಖದ ಉರಿಬಿಸಿಲಿಗೆ ಬೀಳುತ್ತದೆ ಎಂಬುದು ಹಿರಿಯರು ಕೊಡುವ ಕಾರಣ. ಹೀಗೆ ಅಗಲಿಸಿದ ಜೋಡಿಯನ್ನು ಒಂದು ದಿನದ ಮಟ್ಟಿಗೆ ಒಟ್ಟು ಸೇರಿಸುವ ಉಪಾಯವನ್ನೂ ಅದೇ ಸಂಪ್ರದಾಯ ಇಟ್ಟುಕೊಂಡಿತ್ತು. ಅದು ಚಾಮರಾಜನಗರದ ಚಾಮರಾಜೇಶ್ವರನ ರಥೋತ್ಸವ.

ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಅರಿಕುಠಾರ ಎಂಬ ಊರಿಗೆ ತಂದೆಯ ಹೆಸರನ್ನೇ ಇಟ್ಟು, 1826ರಲ್ಲಿ ಈ ದೇಗುಲ ಕಟ್ಟಿಸಿದರು. ಶುಭಕಾರ್ಯಗಳಿಗೆಲ್ಲ ಬಾಗಿಲು ಹಾಕುವ ಆಷಾಢದಲ್ಲೇ ಇಲ್ಲಿ ತೇರು ಎಳೆಯುತ್ತಾರೆ. ತವರಿನಿಂದ ಅವಳು, ಊರಿನಿಂದ ಇವನು ಬಂದು ಜನಜಂಗುಳಿಯ ನಡುವೆ ಕೂಡಿಕೊಳ್ಳುತ್ತಾರೆ. ಬಾಳೆಹಣ್ಣಿಗೆ ಜವನ ಸಿಕ್ಕಿಸಿ ತೇರಿನ ಕಡೆ ಎಸೆಯುತ್ತಾರೆ, ಕಳಸಕ್ಕೆ ತಾಗಿದರೆ ಅಂದುಕೊಂಡದ್ದು ಆಗುತ್ತದೆಂಬ ನಂಬಿಕೆ. ಆಮೇಲೆ ಬಳೆ ಅಂಗಡಿ, ಕಳ್ಳೆಪುರಿ, ಬತ್ತಾಸು, ತಿರುಗುವ ತೊಟ್ಟಿಲು. ಜನರ ಬಾಯಲ್ಲಿ ಇದು ನವಜೋಡಿಗಳ ಜಾತ್ರೆ. 2017ರಲ್ಲಿ ರಥಕ್ಕೆ ಬೆಂಕಿ ಬಿದ್ದು ಉತ್ಸವ ನಿಂತುಹೋದಾಗ ಊರಿಗೆ ಊರೇ ಮಿಡುಕಿತು. ಹೊಸ ತೇರು ಬೀದಿಗಿಳಿಯಲು 2022ರವರೆಗೆ ಕಾಯಬೇಕಾಯಿತು.

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರರ ಐದು ತೇರುಗಳು ಒಂದರ ಹಿಂದೊಂದು ಹೊರಡುವಾಗಲೂ ಹೊಸ ಜೋಡಿಗಳ ಕೈಯಲ್ಲಿ ಹಣ್ಣು ಜವನ ಇರುತ್ತದೆ. ತಿ. ನರಸೀಪುರದಲ್ಲಿ ಕಾವೇರಿ, ಕಪಿಲೆ ಕೂಡುವಲ್ಲಿ ಮುಳುಗು ಹಾಕಿ, ಗುಂಜಾ ನರಸಿಂಹನ ದರ್ಶನ ಮಾಡುವುದೂ ಇದೇ ಸಾಲಿಗೆ ಸೇರಿದ್ದು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಇಲ್ಲಿನವರ ಹೆಮ್ಮೆ. ಎಲ್ಲ ಕಡೆಯೂ ಜೋಡಿಯ ಜೊತೆ ಅತ್ತೆ, ನಾದಿನಿ, ಪಕ್ಕದ ಮನೆಯವರು ಇದ್ದೇ ಇರುತ್ತಿದ್ದರು. ಸಂಜೆಯ ಹೊತ್ತಿಗೆ ಎಲ್ಲರೂ ಬಂದ ಗಾಡಿಯಲ್ಲೇ ವಾಪಸ್ಸು.

ದೀಪ ಹತ್ತಿದ ತೋಟ

ದೇವರ ನೆಪವಿಲ್ಲದೆ ಬರೀ ಕಣ್ಣಿನ ಖುಷಿಗೆ ಜನ ಹೊರಡುವಂತೆ ಮಾಡಿದ್ದು ಕನ್ನಂಬಾಡಿ. 1911ರಲ್ಲಿ ಅಲ್ಲಿ ಶುರುವಾದ ಕೃಷ್ಣರಾಜಸಾಗರ ಕಟ್ಟೆಯ ಕೆಲಸ ಮುಗಿಯುತ್ತ ಬಂದಾಗ, ದಿವಾನ್ ಮಿರ್ಜಾ ಇಸ್ಮಾಯಿಲ್ ಅದರ ಕೆಳಗಿನ ಜಾಗದಲ್ಲಿ ಕಾಶ್ಮೀರದ ಶಾಲಿಮಾರ್ ಮಾದರಿಯ ಮೆಟ್ಟಿಲು ಮೆಟ್ಟಿಲಾದ ತೋಟ ಎಬ್ಬಿಸಿದರು. ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅದರ ವಿನ್ಯಾಸಕ್ಕೆ ಕೈಹಾಕಿದರು. 1932ರ ಹೊತ್ತಿಗೆ ಬೃಂದಾವನ ಸಿದ್ಧವಾಯಿತು. ಅಣೆಕಟ್ಟೆಗೊಂದು ತೋಟ, ತೋಟಕ್ಕೆ ಬಣ್ಣದ ದೀಪ, ದೀಪದ ಕೆಳಗೆ ಕಾರಂಜಿ, ಅದನ್ನು ನೋಡುತ್ತ ರಾತ್ರಿ ಉಳಿಯಲು ಒಂದು ಹೋಟೆಲು. ಥೀಮ್ ಪಾರ್ಕ್ ರೆಸಾರ್ಟ್ ಎಂಬ ಪದ ಯಾರ ಕಿವಿಗೂ ಬೀಳುವ ಮೊದಲೇ ಅದರ ಅಂಗಾಂಗಗಳೆಲ್ಲ ಮೈಸೂರಿನ ಮಗ್ಗುಲಲ್ಲಿದ್ದವು.

ಸಿನಿಮಾದವರು ಬಂದು ಪ್ರೇಮಗೀತೆಗಳನ್ನು ಚಿತ್ರೀಕರಿಸಿದ ಮೇಲೆ ಆ ಕಾರಂಜಿಗಳ ಮುಂದೆ ನಿಲ್ಲುವುದು ಮದುವೆಯಾದವರ ಕರ್ತವ್ಯದಂತೆಯೇ ಆಯಿತು. ಈ ಸೀಮೆಯ ಹಳೆಯ ಮನೆಗಳ ಆಲ್ಬಮ್ಮಿನಲ್ಲಿ ಅಂಥದ್ದೊಂದು ಫೋಟೊ ಸಿಕ್ಕರೆ ಆಶ್ಚರ್ಯವಿಲ್ಲ. ಆದರೆ ಆ ಹೋಟೆಲಿನಲ್ಲಿ ತಂಗಿದವರು ಉಳ್ಳವರು. ಉಳಿದವರು ದೀಪ ಆರುವ ಮುಂಚೆ ಬಸ್ಸಿಗೆ ಓಡಿದವರು.

ಹೀಗೆ ತೋಟದ ಪಕ್ಕದಲ್ಲೇ ರಾತ್ರಿ ತಂಗುವುದು ಅಮೆರಿಕದಲ್ಲಿ ದೊಡ್ಡ ವ್ಯಾಪಾರವಾಯಿತು. ವಾಲ್ಟ್ ಡಿಸ್ನಿ 1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಹೋಟೆಲಿಗೆ ಅವರ ಕೈಯಲ್ಲಿ ದುಡ್ಡು ಉಳಿದಿರಲಿಲ್ಲ, ಅದನ್ನು ಕಟ್ಟಿ ನಡೆಸಿದ್ದು ಬೇರೊಬ್ಬರು. ಪಾರ್ಕಿನ ಸುತ್ತ ಯಾರು ಯಾರೋ ಲಾಡ್ಜು ಎಬ್ಬಿಸಿ ಕಾಸು ಮಾಡುವುದನ್ನು ಡಿಸ್ನಿ ನೋಡುತ್ತ ಕೂರಬೇಕಾಯಿತು. ಆ ಪಾಠ ಅವರು ಮರೆಯಲಿಲ್ಲ. ಫ್ಲಾರಿಡಾದಲ್ಲಿ ವಿಶಾಲವಾದ ಜಮೀನನ್ನು ಮೊದಲೇ ಹಿಡಿದರು. 1971ರಲ್ಲಿ ಅಲ್ಲಿನ ಪಾರ್ಕ್ ಬಾಗಿಲು ತೆರೆದಾಗ ಡಿಸ್ನಿ ಬದುಕಿರಲಿಲ್ಲ, ಪಕ್ಕದಲ್ಲಿ ಕಂಪನಿಯದೇ ಹೋಟೆಲುಗಳು ಎದ್ದಿದ್ದವು. ಸಂಜೆ ಮನೆಗೆ ಹೋಗುವವನು ಕೊಡುವುದು ಒಂದು ಟಿಕೆಟ್ಟಿನ ಹಣ. ರಾತ್ರಿ ಉಳಿಯುವವನು ಊಟ, ತಿಂಡಿ, ಕೋಣೆ, ಮರುದಿನದ ಟಿಕೆಟ್ಟು ಎಲ್ಲದಕ್ಕೂ ಕೊಡುತ್ತಾನೆ.

ಹೆಜ್ಜಾಲದ ಬಳಿ

ಕರ್ನಾಟಕಕ್ಕೆ ಆ ಲೆಕ್ಕ ಬಂದದ್ದು ಕೇರಳದ ಮೂಲಕ. ವಿ-ಗಾರ್ಡ್ ಸ್ಟೆಬಿಲೈಸರಿನಿಂದ ಹೆಸರಾದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು. ಅದೇ ಬಳಗ 2005ರಲ್ಲಿ, ಮೈಸೂರಿನ ಕಡೆಯಿಂದ ಹೋದರೆ ಬಿಡದಿ ದಾಟಿ ಹೆಜ್ಜಾಲದ ಬಳಿ, ಬೆಂಗಳೂರಿನಿಂದ 28 ಕಿ.ಮೀ. ದೂರದಲ್ಲಿ ವಂಡರ್‌ಲಾ ಶುರು ಮಾಡಿತು. ಸುಮಾರು 82 ಎಕರೆ, ಇಂದು 60ಕ್ಕೂ ಹೆಚ್ಚು ಆಟಗಳು. 2012ರಲ್ಲಿ ಅದಕ್ಕೆ ಅಂಟಿಕೊಂಡಂತೆ 84 ಕೋಣೆಗಳ ರೆಸಾರ್ಟ್ ಎದ್ದಿತು.

ಅಲ್ಲಿ ಎಲ್ಲರ ಎದೆ ಧಸಕ್ಕೆನ್ನಿಸುವ ಆಟ 'ರಿಕಾಯಿಲ್'. ನಂಜನಗೂಡಿನ ಶ್ರೀಕಂಠೇಶ್ವರನ ತೇರಾದ ಗೌತಮ ರಥವನ್ನು ಎಳೆಯಲು ಸಾವಿರಾರು ಕೈ ಬೇಕು. ಈ ಬಂಡಿಯಲ್ಲಿ ಎಂಜಿನ್ನೇ ಇಲ್ಲ. ಮೊದಲು ಅದನ್ನು ಹಿಮ್ಮುಖವಾಗಿ ಎತ್ತರದ ಏರಿಗೆ ಎಳೆದೊಯ್ದು ಬಿಟ್ಟುಬಿಡುತ್ತಾರೆ. ಮುಂದಿನದನ್ನು ಭೂಮಿಯ ಸೆಳೆತ ನೋಡಿಕೊಳ್ಳುತ್ತದೆ. ಮೂರು ಸಲ ತಲೆಕೆಳಗಾಗಿ ಸುತ್ತಿ ಬಂಡಿ ಎದುರಿನ ಏರಿ ಹತ್ತುತ್ತದೆ. ಅಲ್ಲಿಂದ ಮತ್ತೆ ಬಿಟ್ಟರೆ ಅದೇ ಹಳಿಯ ಮೇಲೆ ಹಿಂದುಹಿಂದಕ್ಕೆ ಇನ್ನೂ ಮೂರು ಸಲ. ಸುತ್ತು ಬಳೆಯಂತೆ ಪೂರ್ತಿ ದುಂಡಗಿರುವುದಿಲ್ಲ, ನೀರಹನಿಯಂತೆ ಮೇಲೆ ಕಿರಿದು, ಕೆಳಗೆ ಅಗಲ. ಪೂರ್ತಿ ದುಂಡಗಿದ್ದರೆ ಕೆಳಗೆ ಬರುವಾಗ ಮೈಮೇಲೆ ಬೀಳುವ ಭಾರ ಕುತ್ತಿಗೆಗೆ ಪೆಟ್ಟು ಮಾಡುವಷ್ಟಾಗುತ್ತದೆ.

ಹೊಸ ಮದುಮಗಳಿಗೆ ಇಲ್ಲಿ ಎದುರಾಗುವ ಮೊದಲ ಪೇಚು ಆಟದ್ದಲ್ಲ, ಬಟ್ಟೆಯದು. ಹತ್ತಿ ಬಟ್ಟೆ ತೊಟ್ಟು ಕೊಳಕ್ಕೆ ಇಳಿಯುವ ಹಾಗಿಲ್ಲ. ಹತ್ತಿಯ ನೂಲು ಬಿಟ್ಟುಕೊಂಡು ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ನೈಲಾನ್, ಲೈಕ್ರಾ ಆದರೆ ಸರಿ. ಇನ್ನು ಒಡವೆ. ಜೋರಾಗಿ ತಿರುಗುವ ಆಟಗಳಿಗೆ ನೇತಾಡುವ ಸರ ಆಗದು. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದೆ, ಪಿನ್ನು ಹಾಕಿ ಬಟ್ಟೆಯೊಳಗೆ ಸೇರಿಸುವವರಿದ್ದಾರೆ. ಗರ್ಭಿಣಿಯರು, ರಕ್ತದೊತ್ತಡ, ಹೃದಯದ ತೊಂದರೆ ಇರುವವರು ರೋಲರ್ ಕೋಸ್ಟರ್‌ನಂಥ ಆಟಗಳನ್ನು ಏರಬಾರದೆಂಬುದು ಎಲ್ಲ ಪಾರ್ಕುಗಳ ನಿಯಮ. ಮದುವೆಯಾದ ಹೊಸತರಲ್ಲಿ ಆ ಫಲಕದ ಮುಂದೆ ನಿಂತು ಗಂಡ ಹೆಂಡತಿ ಗುಟ್ಟಾಗಿ ಮಾತಾಡಿಕೊಳ್ಳುವುದೂ ಉಂಟು.

ಮಧ್ಯಾಹ್ನದ ಅಲೆಕೊಳ, ಟ್ಯೂಬಿನಲ್ಲಿ ತೇಲಿಸುವ ಮಂದನದಿ, ರೇನ್ ಡಾನ್ಸ್ ಇವೆಲ್ಲ ಒಂದೇ ದಿನದ ಟಿಕೆಟ್ಟಿಗೂ ಸಿಗುತ್ತವೆ. ರೆಸಾರ್ಟ್ ಕೊಡುವ ಹೆಚ್ಚಿನ ವಸ್ತು ಒಂದೇ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ. ಕೂಡುಕುಟುಂಬದ ತೊಟ್ಟಿ ಮನೆಯಲ್ಲೋ, ಹಾಲ್‌ನಲ್ಲಿ ಟಿ.ವಿ. ಮುಂದೆ ಎಲ್ಲರೂ ಮಲಗುವ ಎರಡು ಅಂಕಣದ ಮನೆಯಲ್ಲೋ ಇರುವ ಜೋಡಿಗೆ ಅದರ ಬೆಲೆ ಗೊತ್ತು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆಯಬೇಕಿಲ್ಲ, ಬಾಗಿಲು ಸಾರಿಸಬೇಕಿಲ್ಲ, ತಡವಾಗಿ ಎದ್ದರೆ ಯಾರೂ ಕೆಮ್ಮುವುದಿಲ್ಲ.

ಹೋಗುವ ದಾರಿ

ತಲುಪುವುದು ಹೇಗೆ? ಬೈಕಿನಲ್ಲಿ ಹೊರಡುವ ಜೋಡಿಗಳೇ ಹೆಚ್ಚು ಇದ್ದ ದಾರಿ ಇದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ಗತಿ. ಬಸ್ಸಾದರೆ ಇನ್ನೊಂದು ಲೆಕ್ಕ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಕೆಂಪು ಬಸ್ಸಿನಲ್ಲಿ ಹೆಂಡತಿಗೆ ದುಡ್ಡಿಲ್ಲ, ಗಂಡನಿಗೆ ಮಾತ್ರ ಟಿಕೆಟ್ಟು. ಇಂದ್ರ ಶಚಿಯರಂತೆ 'ಐರಾವತ' ಹತ್ತಿದರೆ ಇಬ್ಬರೂ ಕಾಸು ಬಿಚ್ಚಬೇಕು, ಐಷಾರಾಮಿ ಬಸ್ಸುಗಳಿಗೆ ಶಕ್ತಿ ಅನ್ವಯಿಸುವುದಿಲ್ಲ.

ಕಾಲ ಆರಿಸಿಕೊಳ್ಳುವುದರಲ್ಲೂ ಜಾಣತನವಿದೆ. ಏಪ್ರಿಲ್, ಮೇ, ದಸರಾ, ಡಿಸೆಂಬರ್ ರಜೆಗಳಲ್ಲಿ ಒಂದು ಆಟಕ್ಕೆ ಗಂಟೆಗಟ್ಟಲೆ ಸಾಲು. ಶಾಲೆ ತೆರೆದ ಮೇಲಿನ ಜೂನ್, ಜುಲೈ ವಾರದ ದಿನಗಳಲ್ಲಿ ಸಾಲು ಕರಗುತ್ತದೆ. ಆದರೆ ಆಗಲೇ ಆಷಾಢ. ಸೊಸೆ ತವರಿನಲ್ಲಿರುತ್ತಾಳೆ.

ದೂರ ಬೇಡವೆನ್ನುವವರಿಗೆ ಮೈಸೂರಿನ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಇದೆ, ಅದೂ ಕೆ.ಆರ್.ಎಸ್. ದಾರಿಯಲ್ಲೇ. ತಿ. ನರಸೀಪುರ ತಾಲ್ಲೂಕಿನೊಳಗೇ ಇರಬೇಕೆಂದರೆ ತಲಕಾಡಿನ ಬಳಿ ಕಾವೇರಿ ದಂಡೆಯ ರೆಸಾರ್ಟ್ ಇದೆ. ಬೃಂದಾವನವನ್ನೇ ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುವ ಮಾತು 2018ರಿಂದ ಸರ್ಕಾರದ ಬಾಯಲ್ಲಿದೆ. ಕಟ್ಟೆಯ ಸುರಕ್ಷತೆ ಏನಾಗಬೇಕು, ನಮ್ಮ ನೀರಿನ ಗತಿ ಏನು ಎಂದು ಮಂಡ್ಯದ ರೈತರು 2025ರಲ್ಲೂ ಬೀದಿಗಿಳಿದು ಕೇಳಿದ್ದಾರೆ.

ಎರಡನೆಯ ದಿನದ ಬೆಳಿಗ್ಗೆ ಕೋಣೆ ಖಾಲಿ ಮಾಡಿದ ಜೋಡಿ ಬಿಡದಿಯಲ್ಲಿ ಇಳಿದು ತಟ್ಟೆ ಇಡ್ಲಿ ತಿನ್ನುತ್ತದೆ. ಚನ್ನಪಟ್ಟಣದಲ್ಲಿ ನಾದಿನಿಯ ಮಗುವಿಗೊಂದು ಬಣ್ಣದ ಬುಗುರಿ, ಮದ್ದೂರಿನಲ್ಲಿ ಅತ್ತೆಗೆ ಅರ್ಧ ಡಜನ್ ವಡೆ. ಒದ್ದೆ ಲೈಕ್ರಾ ಪ್ಲಾಸ್ಟಿಕ್ ಕವರಿನಲ್ಲಿ ಬ್ಯಾಗಿನ ಅಡಿಗೆ. ಬನ್ನೂರಿನ ಬಸ್ಸಿನಲ್ಲಿ ಯಾರಾದರೂ ಪರಿಚಿತರು ಸಿಕ್ಕಿ 'ಎಲ್ಲಿಗೆ ಹೋಗಿದ್ರಿ?' ಎಂದು ಕೇಳಿದರೆ, 'ಹಾಗೇ ಚಾಮುಂಡಿ ಬೆಟ್ಟಕ್ಕೆ' ಎನ್ನುವವರು ಈಗಲೂ ಇದ್ದಾರೆ.